ಒಂದು 'ಎ' ಜಾಸ್ತಿ

ನನ್ನ ಭಾವಮೈದ ಹೋಟೆಲ್ ಇಡುತ್ತೇನೆಂದು ಸಾಫ್ಟ್‌ವೇರ್ ಕೆಲಸ ಬಿಟ್ಟು ಮೂರು ತಿಂಗಳಾಗಿತ್ತು. ಜಾಗ ಸಿಕ್ಕಿತ್ತು, ಅಡ್ವಾನ್ಸ್ ಕೊಟ್ಟಾಗಿತ್ತು, ಕುಂದಾಪುರದ ಕಡೆಯಿಂದ ಅಡುಗೆ ಭಟ್ಟರೂ ಬಂದು ಕೈಕಟ್ಟಿ ಕೂತಿದ್ದರು. ದೋಸೆಗೆ ಯಾವ ಅಕ್ಕಿ, ಉದ್ದು ಎಷ್ಟು ಅಂತ ಅವರನ್ನು ಒಬ್ಬರೂ ಕೇಳಿರಲಿಲ್ಲ. ಹೆಸರೇ ಇಟ್ಟಿರಲಿಲ್ಲವಲ್ಲ, ದೋಸೆಗೆ ಏನವಸರ?

ಭಾನುವಾರ ಮನೆಮಂದಿಯೆಲ್ಲ ಸೇರಿದೆವು. ಅತ್ತೆಯವರು ಮನೆದೇವರ ಹೆಸರೇ ಇರಲಿ ಅಂದರು. ಆದರೆ ಅದೇ ರಸ್ತೆಯಲ್ಲಿ ನಮ್ಮ ಮನೆದೇವರು ಆಗಲೇ ಒಂದು ಬಾರ್ ಅಂಡ್ ರೆಸ್ಟೋರೆಂಟ್ ನಡೆಸುತ್ತಿದ್ದರು. ಅತ್ತೆ ಕೈಮುಗಿದು ಸುಮ್ಮನಾದರು. ನನ್ನ ಮಗಳು, ಹೆಸರಿಗೆ ಅರ್ಥ ಇರಬಾರದು, ಅದೇ ಈಗಿನ ಟ್ರೆಂಡು ಅಂದಳು. ಅವಳದೂ ಪೂರಾ ತಪ್ಪಲ್ಲ. 1945ರಲ್ಲಿ ಇಂದಿನ ಮಹಾರಾಷ್ಟ್ರದ ಅಮಲ್ನೇರ್‌ನಲ್ಲಿ ವನಸ್ಪತಿ ಮಾಡಲು ಶುರುವಾದ ವೆಸ್ಟರ್ನ್ ಇಂಡಿಯಾ ವೆಜಿಟೆಬಲ್ ಪ್ರಾಡಕ್ಟ್ಸ್ ಕುಗ್ಗಿ ಕುಗ್ಗಿ ವಿಪ್ರೋ ಆಗಿಲ್ಲವೇ? ಅವರು ಎಣ್ಣೆಯಿಂದ ಸಾಫ್ಟ್‌ವೇರಿಗೆ ಬಂದರು, ನಮ್ಮವನು ಸಾಫ್ಟ್‌ವೇರಿನಿಂದ ಎಣ್ಣೆಗೆ ಹೊರಟಿದ್ದ.

ಹಳಬರಿಗೆ ಈ ತಲೆನೋವು ಇರಲಿಲ್ಲ. ಮಾವಳ್ಳಿಯಲ್ಲೊಂದು ರೂಮು, ಅಲ್ಲಿ ಟಿಫಿನ್ ಸಿಗುತ್ತದೆ. ಮಾವಳ್ಳಿ ಟಿಫಿನ್ ರೂಮ್ಸ್. ಮುಗಿಯಿತು. ಗಾಂಧಿಬಜಾರಿನಲ್ಲಿ ಓದುವ ಹುಡುಗರು ತಿಂಡಿಗೆ ಬರುತ್ತಿದ್ದರು. 1943ರಲ್ಲಿ ವಿದ್ಯಾರ್ಥಿ ಭವನವಾಯಿತು. ಈಗ ಭಾನುವಾರ ಬೆಳಿಗ್ಗೆ ಅಲ್ಲಿ ಸಾಲು ನಿಂತವರಲ್ಲಿ ವಿದ್ಯಾರ್ಥಿಗಳಿಗಿಂತ ಮಂಡಿನೋವಿನವರೇ ಹೆಚ್ಚು ಕಾಣುತ್ತಾರೆ. ಅಷ್ಟಕ್ಕೇ ಹೆಸರು ಬದಲಿಸಿ ಎಂದು ಯಾರೂ ಗಲಾಟೆ ಮಾಡಿಲ್ಲ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಬಂತು, ಅದರ ಹಿಂದೆಯೇ ಊರಿಗೆಲ್ಲ ದರ್ಶಿನಿಗಳು. ಆಮೇಲೆ ಸಮುದ್ರದ ಗಾಳಿಯೂ ಸೋಕದ ಬೆಂಗಳೂರಿನಲ್ಲಿ ಗಲ್ಲಿಗೊಂದು ಸಾಗರ ಉಕ್ಕಿತು. ಅಣ್ಣತಮ್ಮಂದಿರು ಪಾಲಾದಲ್ಲೆಲ್ಲ ಪಕ್ಕದಲ್ಲೇ ಇನ್ನೊಂದು 'ನ್ಯೂ' ಹುಟ್ಟಿತು. ನಮ್ಮ ಏರಿಯಾದ 'ನ್ಯೂ' ಒಂದಕ್ಕೆ ನನಗಿಂತ ಹೆಚ್ಚು ವಯಸ್ಸು.

ಈಗ ನಡೆಯುತ್ತಿರುವುದು ಅಜ್ಜಿಯರ ಕಾಲ. ಅಜ್ಜಿ ಮನೆ, ಅಜ್ಜಿ ಕೈರುಚಿ, ಅಜ್ಜಿಯ ಒರಳು. ಬೋರ್ಡಿನ ಮೇಲೆ ಮೂಗುತಿ ಹಾಕಿಕೊಂಡು ಅಜ್ಜಿ ನಗುತ್ತಾಳೆ. ಒಳಗೆ ಗ್ರೈಂಡರ್ ಗುಡುಗುತ್ತದೆ. ಮಾಲೀಕನ ಸ್ವಂತ ಅಜ್ಜಿ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ಓಟ್ಸ್ ಕಲಸಿಕೊಂಡು ಕೂತಿರುತ್ತಾಳೆ.

ಕೊನೆಗೆ ಹೊರನಾಡಿನ ತಾಯಿಯನ್ನು ನೆನೆದು ನನ್ನ ಹೆಂಡತಿ 'ಅನ್ನಪೂರ್ಣ' ಅಂದಳು. ಊಟದ ಜಾಗಕ್ಕೆ ಊಟದ ಹೆಸರು. ಎಲ್ಲರೂ ಒಪ್ಪಿದರು. ಇಂಥ ಒಮ್ಮತ ನಮ್ಮ ಮನೆಯಲ್ಲಿ ಅಪರೂಪ, ಅದಕ್ಕೇ ಭಾವಮೈದನಿಗೆ ಅನುಮಾನ ಬಂದು ಸಂಖ್ಯಾಶಾಸ್ತ್ರಿಯೊಬ್ಬರ ಹತ್ತಿರ ಓಡಿದ. ಸಾಕ್ಷಿಗೆ ನನ್ನನ್ನೂ ಎಳೆದುಕೊಂಡು ಹೋದ.

ಅವರದು ಕಾಲ್ಡಿಯನ್ ಪದ್ಧತಿಯಂತೆ. ಬ್ಯಾಬಿಲೋನಿನವರು ಕಂಡುಹಿಡಿದದ್ದಂತೆ. ಇಂಗ್ಲಿಷಿನಲ್ಲಿ ಬರೆದು ಅಕ್ಷರಕ್ಕೊಂದು ಅಂಕಿ ಹಾಕಿ ಕೂಡಬೇಕು: 'ಎ'ಗೆ 1, 'ಎನ್'ಗೆ 5, 'ಪಿ'ಗೆ 8, 'ಒ'ಗೆ 7, 'ಆರ್'ಗೆ 2. ಬ್ಯಾಬಿಲೋನಿನವರಿಗೆ ಇಂಗ್ಲಿಷ್ ಕಲಿಸಿದವರು ಯಾರೋ ಕಾಣೆ. ಅನ್ನಪೂರ್ಣ ಕೂಡಿದರೆ 42, ನಾಲ್ಕೂ ಎರಡೂ ಆರು. ಭಾವಮೈದ ಹುಟ್ಟಿದ್ದು 16ನೇ ತಾರೀಖು, ಒಂದೂ ಆರೂ ಏಳು. ಒಂದು ಕಡಿಮೆ! ಅವನ ಮುಖ ಬಾಡಿತು. ಶಾಸ್ತ್ರಿಗಳು ಕಣ್ಣುಮುಚ್ಚಿ, ತೆರೆದು, 'ಅನ್ನ'ದ ಕೊನೆಗೆ ಇನ್ನೊಂದು 'ಎ' ಇಟ್ಟರು. 43. ಫೀಸು ಐದು ಸಾವಿರ. ಅಕ್ಷರ ಒಂದಕ್ಕೆ ಐದು ಸಾವಿರ! ನನಗೆ ಇಡೀ ಅಂಕಣಕ್ಕೆ... ಹೋಗಲಿ ಬಿಡಿ.

"ಕನ್ನಡದಲ್ಲಿ ಲೆಕ್ಕ ಹಾಕೋಕಾಗಲ್ವಾ ಸಾರ್?" ಅಂದೆ.

"ಕನ್ನಡಕ್ಕೆ ನಂಬರ್ ಇಲ್ಲ."

"ಕಟಪಯಾದಿ ಅಂತ ಇದೆಯಲ್ಲ? ಮ ಅಂದರೆ ಐದು, ಚ ಅಂದರೆ ಆರು, ತಿರುಗಿಸಿದರೆ 65, ಮೇಚಕಲ್ಯಾಣಿ ಅರವತ್ತೈದನೇ ಮೇಳ..."

"ಅದು ಹಾಡೋರಿಗೆ. ನಾವು ಬಿಸಿನೆಸ್‌ನೋರು."

ಇನ್ನೊಂದು ಪೇಚು ನನಗೆ ದಾರಿಯಲ್ಲಿ ಹೊಳೆಯಿತು. 2024ರಲ್ಲಿ ತಿದ್ದುಪಡಿಯಾದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ ಪ್ರಕಾರ ಬೋರ್ಡಿನ ಶೇ 60 ಭಾಗ ಕನ್ನಡ ಇರಲೇಬೇಕು. ಅದೃಷ್ಟವೋ ಇಂಗ್ಲಿಷಿನಲ್ಲಿ ಮಾತ್ರ ಕೆಲಸ ಮಾಡುತ್ತದೆ. ಅಂದಮೇಲೆ ಐದು ಸಾವಿರ ಕೊಟ್ಟು ತಂದ ಲಕ್ಷ್ಮಿಗೆ ಕೂರಲು ಉಳಿದದ್ದು ಬರೀ 40. ಇದನ್ನು ಭಾವಮೈದನಿಗೆ ಹೇಳಿದೆ. ಅವನು ಆಡಿಟರಿಗೆ ಫೋನು ಹಚ್ಚಿದ. ಆಡಿಟರು ಇನ್ನೂ ಒಂದು ಕೈ ಮೇಲೆ: ನಾಳೆ ಪ್ರೈವೇಟ್ ಲಿಮಿಟೆಡ್ ಮಾಡುವುದಾದರೆ, ಕಾಗುಣಿತ ಕೆಡಿಸಿದ ಮಾತ್ರಕ್ಕೆ ಹೊಸ ಹೆಸರಾಗುವುದಿಲ್ಲ, 2014ರ ಕಂಪನಿ ನೋಂದಣಿ ನಿಯಮ ಹಾಗೆನ್ನುತ್ತದೆ, ಇಂಥ ಹೆಸರು ಆಗಲೇ ಇದ್ದರೆ ವಾಪಸ್ ಕಳಿಸುತ್ತಾರೆ ಅಂದರು. ಒಂದು 'ಎ'ಯಿಂದ ಹಣೆಬರಹ ಬದಲಾಗಬಹುದು, ರಿಜಿಸ್ಟ್ರಾರ್ ಬದಲಾಗುವುದಿಲ್ಲ.

ಇರಲಿ, ಬೋರ್ಡಿಗೆ ಆರ್ಡರ್ ಹೋಯಿತು. ಬೋರ್ಡ್ ಮಾಡುವ ಹುಡುಗನಿಗೆ ಭಾವಮೈದ ವಾಟ್ಸಾಪಿನಲ್ಲಿ ಇಂಗ್ಲಿಷ್ ಹೆಸರಷ್ಟೇ ಕಳಿಸಿ, "ಒಂದಕ್ಷರ ಆಚೀಚೆ ಆಗಬಾರದು" ಎಂದು ಮೂರು ಸಲ ಹೇಳಿದ್ದ. ಹುಡುಗ ಪ್ರಾಮಾಣಿಕ. ಇಂಗ್ಲಿಷಿನಲ್ಲಿ ಎರಡು 'ಎ' ಕಂಡಿತು, ಕನ್ನಡದಲ್ಲಿ ದೀರ್ಘ ಎಳೆದ. ಪ್ರಾರಂಭೋತ್ಸವದ ದಿನ ಪರದೆ ಸರಿಸಿದರೆ ಎಲ್‌ಇಡಿ ದೀಪದಲ್ಲಿ, ಕಾನೂನುಬದ್ಧವಾಗಿ ಶೇ 60ರಷ್ಟು ದಪ್ಪಕ್ಕೆ, 'ಅನ್ನಾಪೂರ್ಣ'.

ಎಲ್ಲರೂ ಚಪ್ಪಾಳೆ ತಟ್ಟಿದರು. ಪಕ್ಕದ ಬೀದಿಯ ನಿವೃತ್ತ ಕನ್ನಡ ಮೇಷ್ಟ್ರು ಮಾತ್ರ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು.

"ಯಾವ ಸಂಧಿ?" ಎಂದು ನನ್ನನ್ನು ಕೇಳಿದರು. ಈ ವಯಸ್ಸಿನಲ್ಲೂ ಆ ದನಿ ಕೇಳಿದರೆ ನನಗೆ ಬೆಂಚಿನ ಮೇಲೆ ನಿಂತ ಹಾಗಾಗುತ್ತದೆ.

"ಗೊತ್ತಿಲ್ಲ ಸಾರ್."

"ಸವರ್ಣದೀರ್ಘ. ದೇವ ಅಧಿಕ ಆಲಯ ದೇವಾಲಯ. ಅನ್ನ ಅಧಿಕ ಅಪೂರ್ಣ..."

ಅಷ್ಟರಲ್ಲಿ ಅವರ ಮುಂದೆ ಮಿನಿ ಮೀಲ್ಸ್ ಬಂತು. ಅಂಗೈ ಅಗಲದ ತಟ್ಟೆ, ಮಧ್ಯದಲ್ಲಿ ಐಸ್‌ಕ್ರೀಂ ಕಪ್ಪು ಮಗುಚಿದಷ್ಟು ಅನ್ನ. ಮೇಷ್ಟ್ರು ತಟ್ಟೆ ನೋಡಿದರು, ಬೋರ್ಡು ನೋಡಿದರು. "ಪರವಾಗಿಲ್ಲ ಕಣಯ್ಯಾ, ಹೆಸರು ಅನ್ವರ್ಥವಾಗೇ ಇದೆ" ಅಂದು ಊಟಕ್ಕೆ ಕೈ ಹಾಕಿದರು.

ಭಟ್ಟರ ದೋಸೆ ಚೆನ್ನಾಗಿತ್ತು. ಹದಿನೈದು ದಿನದಲ್ಲಿ ಜನ ಮುತ್ತಿದರು. ಆದರೆ ಬೋರ್ಡಿಗೆ ಸರಿಯಾಗಿ ಎದುರು, ಫುಟ್‌ಪಾತಿನ ಮೇಲೆ, ಕರೆಂಟಿನ ಟ್ರಾನ್ಸ್‌ಫಾರ್ಮರ್ ಇದೆ. ದೀರ್ಘವೂ ಕಾಣದು, ಹ್ರಸ್ವವೂ ಕಾಣದು. ಆಟೋದವರು, ಪಾರ್ಸೆಲ್ ಹುಡುಗರು, ಪಿಜಿ ಹುಡುಗಿಯರು ಎಲ್ಲರ ಬಾಯಲ್ಲೂ ಅದು ಟ್ರಾನ್ಸ್‌ಫಾರ್ಮರ್ ಹೋಟೆಲ್. ಮಲ್ಲೇಶ್ವರದಲ್ಲಿ ಬೋರ್ಡಿನ ಮೇಲೆ ಶ್ರೀ ಸಾಗರ್ ಅಂತಿದ್ದರೂ ಜನ ಸಿಟಿಆರ್ ಅನ್ನುವುದನ್ನು ಬಿಟ್ಟಿಲ್ಲ ನೋಡು ಎಂದು ಭಾವಮೈದನಿಗೆ ಸಮಾಧಾನ ಹೇಳಿದೆ. ಅವನು ಮುಖ ಸಿಂಡರಿಸಿದ.

ಮೊನ್ನೆ ರಾತ್ರಿ ಹನ್ನೊಂದಕ್ಕೆ ಅವನದೇ ಫೋನು.

"ಭಾವ, ಮಲಗಿದ್ರಾ? ಟ್ರಾನ್ಸ್‌ಫಾರ್ಮರ್ ಅಂತ ಇಂಗ್ಲಿಷಲ್ಲಿ ಬರೆದು ಕೂಡಿ ನೋಡಿದೆ. ಟಿ 4, ಆರ್ 2, ಎ 1, ಎನ್ 5..."

"ಎಷ್ಟು ಬಂತು?"

"ನಲವತ್ತಮೂರು."

ಆ ಕಡೆ ಸ್ವಲ್ಪ ಹೊತ್ತು ಮೌನ.

"ಭಾವ, ಆ ಐದು ಸಾವಿರ ವಾಪಸ್ ಕೇಳೋದಾ? ಇಲ್ಲ ಬೆಸ್ಕಾಂನವರಿಗೆ ಒಂದು ಸ್ವೀಟ್ ಬಾಕ್ಸ್ ಕೊಡೋದಾ?"