ಯಾರ ಫೋಲ್ಡರಿಗೆ ಯಾರು

ಒಂದು ಕಚೇರಿಯಲ್ಲಿ ಯಾರ ಮಾತು ನಡೆಯುತ್ತದೆ ಎಂದು ತಿಳಿಯಲು ಬಾಗಿಲ ಮೇಲಿನ ನಾಮಫಲಕ ನೋಡಿ ಪ್ರಯೋಜನವಿಲ್ಲ. ಅಲ್ಲೊಂದು ಸರ್ವರ್ ಇಟ್ಟು, ಯಾರ ಫೋಲ್ಡರನ್ನು ಯಾರು ತೆರೆಯಬಹುದು ಎಂಬ ಪಟ್ಟಿ ಬರೆದುಕೊಡಿ ಎಂದು ಕೇಳಬೇಕು. ನಾನು ನಮ್ಮ ಕಾಲೇಜಿನ ಕಂಪ್ಯೂಟರುಗಳ ಯೋಗಕ್ಷೇಮ ನೋಡಿಕೊಳ್ಳುವವನು. ಅದೇ ಕಾರಿಡಾರಿನಲ್ಲಿ ಇಷ್ಟು ವರ್ಷ ಓಡಾಡಿಯೂ ತಿಳಿಯದ ಒಳಸುದ್ದಿಗಳೆಲ್ಲ ಆ ಒಂದು ಎಕ್ಸೆಲ್ ಹಾಳೆಯಲ್ಲಿ ಸಿಕ್ಕವು.

ಸರ್ವರ್ ಬಂದದ್ದು ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ದಯೆಯಿಂದ. ನ್ಯಾಕ್ ತಂಡ ಬರುತ್ತದೆ ಎಂದದ್ದೇ ತಡ, ಕಾಲೇಜಿನ ಗೋಡೆಗೆ ಸುಣ್ಣ ಬಿತ್ತು, ಮೆಟ್ಟಿಲ ಬದಿಗೆ ಕ್ರೋಟನ್ ಕುಂಡಗಳು ಬಂದು ಕೂತವು, ಏಳು ಮಾನದಂಡಗಳಿಗೆ ಏಳು ಕಡತಗಳ ಹುಡುಕಾಟ ಶುರುವಾಯಿತು. ಆರು ಸಿಕ್ಕವು. ನಾಲ್ಕನೆಯದು, ಅಂದರೆ ಮೂಲಸೌಕರ್ಯದ್ದು, ಒಬ್ಬ ಮೇಡಂ ಅವರ ಡೆಸ್ಕ್‌ಟಾಪಿನ ಮೇಲಿತ್ತು. ಮೇಡಂ ಹೆರಿಗೆ ರಜೆಯಲ್ಲಿದ್ದರು. ಪಾಸ್‌ವರ್ಡ್ ಮೇಡಂ ತಲೆಯಲ್ಲಿತ್ತು. ಬಾಣಂತಿಗೆ ಫೋನ್ ಮಾಡಿ ಪಾಸ್‌ವರ್ಡ್ ಕೇಳುವ ಧೈರ್ಯ ಪ್ರಾಂಶುಪಾಲರಿಗೂ ಬರಲಿಲ್ಲ. ಕೊನೆಗೆ ಸೂಪರಿಂಟೆಂಡೆಂಟರ ಮನೆಯವರು ಮಗು ನೋಡುವ ನೆಪದಲ್ಲಿ ಹೋಗಿ, ತೊಟ್ಟಿಲ ಪಕ್ಕ ಕೂತು, ಚೀಟಿಯಲ್ಲಿ ಬರೆಸಿಕೊಂಡು ಬಂದರು. ಅದು ಮೊದಲ ಮಗುವಿನ ಹೆಸರು. ಆ ಮಗುವಿನ ನಾಮಕರಣಕ್ಕೆ ಇಡೀ ಸ್ಟಾಫ್ ಹೋಗಿ ಹೋಳಿಗೆ ಊಟ ಮಾಡಿ ಬಂದಿತ್ತು.

ಇನ್ನು ಮುಂದೆ ಎಲ್ಲರ ಕಡತಗಳೂ ಒಂದೇ ಕಡೆ ಇರಬೇಕೆಂದು ಆಡಳಿತ ಮಂಡಳಿ ತೀರ್ಮಾನಿಸಿತು. ಆಲೋಚನೆ ಹೊಸದೇನಲ್ಲ. ಅಮೆರಿಕದ ಎಂಐಟಿಯಲ್ಲಿ 1983ರಲ್ಲೇ ಅಥೀನಾ ಎಂಬ ಯೋಜನೆ ಶುರುವಾಗಿತ್ತು. ವಿದ್ಯಾರ್ಥಿ ಕ್ಯಾಂಪಸ್ಸಿನ ಯಾವ ಯಂತ್ರದ ಮುಂದೆ ಕೂತರೂ ಅವನ ಕಡತ ಅವನೆದುರಿಗೆ ಬರಬೇಕು ಎಂಬುದು ಅದರ ಆಸೆ. ಕೂತವನು ಅವನೇ ಹೌದೋ ಅಲ್ಲವೋ ಎಂದು ಪರೀಕ್ಷಿಸಲು ಅವರು ಕಟ್ಟಿದ ವ್ಯವಸ್ಥೆಯ ಹೆಸರು ಕರ್ಬರಸ್; ಗ್ರೀಕ್ ಪುರಾಣದಲ್ಲಿ ಪಾತಾಳದ ಬಾಗಿಲು ಕಾಯುವ ಮೂರು ತಲೆಯ ನಾಯಿ ಅದು. ವಿಂಡೋಸ್ 2000ದಿಂದ ಈಚೆಗೆ ವಿಂಡೋಸ್ ಡೊಮೇನುಗಳ ಬಾಗಿಲಲ್ಲೂ ಅದೇ ನಾಯಿ. ದಿನಾ ಬೆಳಿಗ್ಗೆ ತಮ್ಮನ್ನು ಮೂಸಿ ಒಳಬಿಡುವುದು ಅದು ಎಂದು ಸೂಪರಿಂಟೆಂಡೆಂಟರಿಗೆ ನಾನು ಹೇಳಿಲ್ಲ. ನಾಯಿ ಕಂಡರೆ ಅವರಿಗಾಗದು.

ಎಲ್ಲರ ಕಡತ ಒಂದೆಡೆ ತರುವುದಕ್ಕೆ ವಿಂಡೋಸಿನಲ್ಲಿ ಫೋಲ್ಡರ್ ರೀಡೈರೆಕ್ಷನ್ ಎಂಬ ಒಂದು ಉಪಾಯವಿದೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಎಂಬ ಹೆಸರುಗಳು ಇದ್ದಲ್ಲೇ ಇರುತ್ತವೆ. ಒಳಗಿನ ಸರಕು ಮಾತ್ರ ಸರ್ವರಿಗೆ ಹೋಗಿರುತ್ತದೆ. ಮನೆ ಬದಲಿಸಿದವರು ಪೋಸ್ಟಾಫೀಸಿನಲ್ಲಿ ಹೇಳಿಟ್ಟು ಬಂದ ಹಾಗೆ. ಎಲ್ಲರಿಗೂ ಒಟ್ಟಿಗೆ ಅನ್ವಯಿಸುವ ಗ್ರೂಪ್ ಪಾಲಿಸಿಯಲ್ಲಿ ಸರ್ವರಿನ ವಿಳಾಸ ಒಮ್ಮೆ ಬರೆದಿಟ್ಟರೆ ಆಯಿತು, ಲಾಗಿನ್ ಆದವರ ಹೆಸರಿಗೆ ಒಂದೊಂದು ಫೋಲ್ಡರ್ ತಾನಾಗಿ ಹುಟ್ಟಿಕೊಳ್ಳುತ್ತದೆ. ಏನೋ ಬದಲಾಗಿದೆ ಎಂದು ಯಾರಿಗೂ ಗೊತ್ತಾಗದಿದ್ದರೆ ಕೆಲಸ ಚೆನ್ನಾಗಿ ಆಗಿದೆ ಎಂದರ್ಥ. ಇಂಥ ಕೆಲಸ ಮಾಡಿದವರಿಗೆ ಯಾರೂ ಶಾಲು ಹೊದಿಸುವುದಿಲ್ಲ.

ಸಾಗಿಸುವ ಮುಂಚೆ ಏನೇನಿದೆ ಎಂದು ನೋಡಬೇಕಲ್ಲ. ಸೂಪರಿಂಟೆಂಡೆಂಟರ ಡೆಸ್ಕ್‌ಟಾಪಿನಲ್ಲಿ ಮೊಮ್ಮಗನ ಹುಟ್ಟುಹಬ್ಬದ ಫೋಟೋ ಇತ್ತು. ಐಕಾನುಗಳ ಸಂದಿಯಲ್ಲಿ ಹುಡುಗನ ಒಂದು ಕಿವಿ, ಅರ್ಧ ಕೇಕು ಕಾಣುತ್ತಿದ್ದವು. ಉಳಿದದ್ದೆಲ್ಲ ಕಡತ: ‘ಲೆಟರ್’, ‘ನ್ಯೂ ಲೆಟರ್’, ‘ನ್ಯೂ ಲೆಟರ್ ಫೈನಲ್’, ‘ಫೈನಲ್ ಕರೆಕ್ಟೆಡ್’. ಹಳೆಯ ನುಡಿ ತಂತ್ರಾಂಶದಲ್ಲಿ ಟೈಪು ಮಾಡಿ ಹೆಸರಿಟ್ಟವು ಇನ್ನಷ್ಟು. ಆ ಅಕ್ಷರ ಪತ್ರದ ಒಳಗಿರುವ ತನಕ ಕನ್ನಡ. ಫೈಲಿನ ಹೆಸರಿಗೆ ಬಂತೋ, ಬಣ್ಣ ಬಯಲು. ‘ಪ’ ಇರಬೇಕಾದಲ್ಲಿ ಜಪಾನಿನ ಯೆನ್ ಚಿಹ್ನೆ, ಪಕ್ಕದಲ್ಲಿ ತಲೆಯ ಮೇಲೆ ಗೀಟು ಹೊತ್ತ ಇಂಗ್ಲಿಷ್ ಎ. ದೇವರಿಗೂ ಓದಲಾಗದ ಆ ಹೆಸರುಗಳನ್ನು ಸೂಪರಿಂಟೆಂಡೆಂಟರು ಮಾತ್ರ ಬೆರಳಿಟ್ಟು, ‘ಇದು ಪೆನ್ಷನ್ನು, ಇದು ಇನ್‌ಕ್ರಿಮೆಂಟು, ಇದು ಕೋರ್ಟ್ ಕೇಸು’ ಎಂದು ಸರಾಗವಾಗಿ ಹೇಳಿದರು.

‘ಹೇಗೆ ಸಾರ್ ಗೊತ್ತಾಗುತ್ತೆ?’

‘ಜಾಗದ ಮೇಲೆ ಗೊತ್ತಾಗುತ್ತಲ್ರೀ. ಮೂಲೇಲಿರೋದು ಪೆನ್ಷನ್ನು.’

ಐಕಾನು ಎಲ್ಲಿ ಕೂತಿದೆ ಎಂಬ ನೆನಪು ಆಯಾ ಯಂತ್ರದಲ್ಲೇ ಉಳಿಯುತ್ತದೆ, ಕಡತದ ಜೊತೆ ಸರ್ವರಿಗೆ ಹೋಗುವುದಿಲ್ಲ. ಮುಂದೊಂದು ದಿನ ಅವರು ಅಕೌಂಟ್ಸ್ ವಿಭಾಗದ ಕಂಪ್ಯೂಟರಿನಲ್ಲಿ ಲಾಗಿನ್ ಆದರು. ಅಥೀನಾದವರ ಆಸೆಯಂತೆ ಅಷ್ಟೂ ಕಡತಗಳು ಬಂದವು, ಆದರೆ ಸಾಲಾಗಿ ಶಿಸ್ತಿನಿಂದ ನಿಂತಿದ್ದವು. ಮೂಲೆಯಲ್ಲಿ ಪೆನ್ಷನ್ ಇರಲಿಲ್ಲ. ‘ನನ್ನ ಫೈಲೆಲ್ಲ ಹೋಯ್ತು’ ಎಂದು ಅವರು ಕೂಗಿದ್ದು ಲೈಬ್ರರಿಯವರೆಗೂ ಕೇಳಿಸಿತು.

ಕಾಲೇಜಿನ ಆಂತರಿಕ ಗುಣಮಟ್ಟ ಘಟಕದ (ಐಕ್ಯೂಎಸಿ) ಸಂಯೋಜಕರದು ಬೇರೆ ರೋಗ. ಫೋಲ್ಡರಿನೊಳಗೆ ಫೋಲ್ಡರು, ಅದರೊಳಗೆ ಇನ್ನೊಂದು, ಪ್ರತಿಯೊಂದಕ್ಕೂ ಸುತ್ತೋಲೆಯಷ್ಟು ಉದ್ದದ ಹೆಸರು. ಹಾದಿಯ ಹೆಸರೆಲ್ಲ ಸೇರಿ 260 ಅಕ್ಷರ ಮೀರಿದರೆ ವಿಂಡೋಸ್ ಸಾಮಾನ್ಯವಾಗಿ ಒಪ್ಪುವುದಿಲ್ಲ. ಸರ್ವರಿನ ಹೆಸರು ಮುಂದೆ ಸೇರಿಕೊಂಡದ್ದೇ ತಡ, ಅವರ ‘ಉತ್ತಮ ಆಚರಣೆಗಳು’ ಮಿತಿಯಿಂದ ಆಚೆ ಬಿದ್ದವು.

ಕಡತಗಳು ಸರ್ವರಿಗೆ ಹೊರಟ ಮೊದಲ ಸೋಮವಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮ ನೆಟ್‌ವರ್ಕ್ ಸ್ವಿಚ್ಚು 100 ಎಂಬಿಪಿಎಸ್‌ನದು. ಎಲ್ಲ ಸರಿಯಿದ್ದರೂ ಸೆಕೆಂಡಿಗೆ 12 ಎಂಬಿ ಸಾಗಿಸಿದರೆ ಹೆಚ್ಚು. ಅಕೌಂಟ್ಸ್ ಮೇಡಂ ಅವರ ಜೀವಮಾನದ ಲೆಕ್ಕಪತ್ರ 1 ಜಿಬಿ ಮುಟ್ಟಿರಲಿಲ್ಲ. ದೈಹಿಕ ಶಿಕ್ಷಣ ನಿರ್ದೇಶಕರ ತಂಗಿಯ ಮದುವೆ, ಧಾರೆ ಮತ್ತು ಆರತಕ್ಷತೆ ಪ್ರತ್ಯೇಕವಾಗಿ, 20 ಜಿಬಿ ಇತ್ತು. ವಧು ಸರ್ವರ್ ಪ್ರವೇಶ ಮಾಡುವ ತನಕ ಇಡೀ ಕಾಲೇಜು ಕಾಯಿತು. ಮಾರನೆಯ ದಿನವೇ ಒಬ್ಬೊಬ್ಬರಿಗೆ 10 ಜಿಬಿ ಎಂದು ಕೋಟಾ ಹಾಕಿ, ವಿಡಿಯೋ ಒಳಬರದಂತೆ ತಡೆದೆ. ಅಂದಿನಿಂದ ನಿರ್ದೇಶಕರು ನನ್ನ ಜೊತೆ ಕಾಫಿಗೆ ಬರುವುದಿಲ್ಲ.

ಈಗ ಮೊದಲು ಹೇಳಿದ ಆ ಪಟ್ಟಿಗೆ ಬರೋಣ. ಪ್ರಾಂಶುಪಾಲರು ಬರೆದಿದ್ದರು: ಎಲ್ಲರದೂ ನನಗೆ ಕಾಣಬೇಕು, ನನ್ನದು ಯಾರಿಗೂ ಬೇಡ. ಆಡಳಿತ ಮಂಡಳಿಯ ಕಾರ್ಯದರ್ಶಿಗಳು: ಪ್ರಾಂಶುಪಾಲರದು ನನಗೆ ಕಾಣಬೇಕು, ಹಾಗೆ ಕಾಣುವುದು ಪ್ರಾಂಶುಪಾಲರಿಗೆ ಗೊತ್ತಾಗಬಾರದು. ಅಕೌಂಟ್ಸ್ ಮೇಡಂ: ಯಾರಿಗೂ ಬೇಡ, ಕೆಳಗೆ ಗೆರೆ ಎಳೆದು, ಯಾರಿಗೂ. ಇತಿಹಾಸದವರು ರಾಜ್ಯಶಾಸ್ತ್ರದವರಿಗೆ ಕೊಡಬೇಡಿ ಎಂದಿದ್ದರು, ರಾಜ್ಯಶಾಸ್ತ್ರದವರು ಇತಿಹಾಸದವರಿಗೆ. ಇಬ್ಬರೂ ಒಂದೇ ಸ್ಕೂಟರಿನಲ್ಲಿ ಬರುವವರು. ಕೊನೆಯ ಕಾಲಮ್ಮಿನಲ್ಲಿ ಮಾತ್ರ ಎಲ್ಲರದೂ ಒಂದೇ ಮಾತಿತ್ತು: ‘ಅಟೆಂಡರ್‌ಗೆ ಕೊಡಿ, ಪ್ರಿಂಟ್ ತೆಗೀಬೇಕು.’ ಪ್ರಾಂಶುಪಾಲರೂ ಬರೆದಿದ್ದರು. ಅಕೌಂಟ್ಸ್ ಮೇಡಂ ಕೂಡ, ‘ಯಾರಿಗೂ’ ಎಂದ ಮೇಲೆ ಕಂಸದಲ್ಲಿ. ಹಾಳೆಯನ್ನು ಇದ್ದಂತೆಯೇ ಜಾರಿಗೆ ತಂದಿದ್ದರೆ, ನಮ್ಮ ಸಂಸ್ಥೆಯ ಅಷ್ಟೂ ಗುಟ್ಟು ಬಲ್ಲ ಒಬ್ಬನೇ ಮನುಷ್ಯ ಬೆಲ್ಲು ಹೊಡೆಯುವವನಾಗುತ್ತಿದ್ದ. ‘ನಂಗೇನೂ ಬ್ಯಾಡಿ ಸಾರ್’ ಎಂದು ಅವನು ನಕ್ಕ. ‘ಪ್ರಿಂಟ್ ತೆಗೆಯುವಾಗ ಎಲ್ಲ ಓದೇ ಇರ್ತೀನಲ್ಲ.’

ವಿಂಡೋಸ್ ಇದನ್ನೆಲ್ಲ ಊಹಿಸಿದಂತಿದೆ. ರೀಡೈರೆಕ್ಷನ್ ಹಾಕುವಾಗ, ಈ ಫೋಲ್ಡರ್ ಇದರ ಒಡೆಯನಿಗೆ ಮಾತ್ರ ಎಂಬ ಒಂದು ಟಿಕ್ ಗುರುತು ಮೊದಲೇ ಬಿದ್ದಿರುತ್ತದೆ. ಹಾಗೇ ಬಿಟ್ಟರೆ ಸರ್ವರ್ ನಡೆಸುವ ನನಗೂ ಒಳಗೆ ಪ್ರವೇಶವಿಲ್ಲ. ಒಡೆತನ ಕಿತ್ತುಕೊಂಡು ನುಗ್ಗಬಹುದು. ಆದರೆ ಆಗ ಒಡೆಯರ ಹೆಸರು ಬದಲಾಗಿ ಗುರುತು ಉಳಿಯುತ್ತದೆ, ರೀಡೈರೆಕ್ಷನ್ನೂ ಕೆಡಬಹುದು. ನಾನು ಆ ಟಿಕ್ ಮುಟ್ಟಲಿಲ್ಲ. ಹಂಚಿಕೊಳ್ಳುವುದಕ್ಕೆ ಬೇರೊಂದು ಫೋಲ್ಡರ್ ಮಾಡಿ, ಕಾಣಿಸಬೇಕೆನ್ನುವವರು ಅಲ್ಲಿ ಹಾಕಿ ಎಂದೆ. ಪ್ರಾಂಶುಪಾಲರಿಗೆ, ತಂತ್ರಾಂಶದಲ್ಲಿ ಹಾಗೇ ಇದೆ ಸಾರ್ ಎಂದು ವಿವರಿಸಿದೆ. ಈ ಕಾಲದಲ್ಲಿ ತಂತ್ರಾಂಶದ ಮೇಲೆ ಹಾಕಿದ ಮಾತನ್ನು ಯಾರೂ ಪ್ರಶ್ನಿಸುವುದಿಲ್ಲ.

ಅಕೌಂಟ್ಸ್ ಮೇಡಂ ಒಮ್ಮೆ ಸಂಬಳದ ಹಾಳೆಯ ಮೇಲೇ ತಪ್ಪು ಹಾಳೆ ಸೇವ್ ಮಾಡಿ ಗಾಬರಿಯಾದರು. ಸರ್ವರಿನಲ್ಲಿ ಶ್ಯಾಡೋ ಕಾಪಿ ಇತ್ತು. ಏನೂ ಬದಲಿಸದೆ ಬಿಟ್ಟರೆ ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 7ಕ್ಕೆ ಮತ್ತು ಮಧ್ಯಾಹ್ನ 12ಕ್ಕೆ ಆ ಹೊತ್ತಿನ ಸ್ಥಿತಿಯನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. 12ರ ಪ್ರತಿ ತೆಗೆದುಕೊಟ್ಟೆ. ಕೈ ಮುಗಿದರು. ಹೋಗುವಾಗ ಮಾತ್ರ ಬಾಗಿಲಲ್ಲಿ ನಿಂತು, ‘ಅಂದ್ರೆ ನಾನು ಅಳಿಸಿದ್ದೂ ಅದ್ರಲ್ಲಿ ಇರುತ್ತಾ?’ ಎಂದು ಕೇಳಿದರು. ಈಗ ಅವರ ಕೆಲವು ಕೆಲಸಗಳು 12 ದಾಟಿದ ಮೇಲೇ ಶುರುವಾಗಿ ಸಂಜೆಯೊಳಗೆ ಮುಗಿಯುತ್ತವೆ.

ಹೋದ ಸಭೆಯಲ್ಲಿ ಕಾರ್ಯದರ್ಶಿಗಳು ಒಂದು ಒಳ್ಳೆಯ ಪ್ರಶ್ನೆ ಎತ್ತಿದರು: ಸರ್ವರ್ ಕೋಣೆಗೇ ನೀರು ನುಗ್ಗಿದರೆ? ಜೋಡಿ ಡಿಸ್ಕಿದ್ದರೂ ಎರಡೂ ಒಂದೇ ಡಬ್ಬಿಯಲ್ಲಿ ನೆನೆಯುತ್ತವೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಕಟ್ಟಡದ ಹೊರಗೆ ಎಂಬುದು ನಮ್ಮ ವೃತ್ತಿಯ ಸೂತ್ರ ಎಂದೆ. ಹೊರಗಿನದಕ್ಕೆ ಎಷ್ಟು ಖರ್ಚು ಎಂದರು. ಹೇಳಿದೆ. ಎಲ್ಲರೂ ಫ್ಯಾನು ನೋಡಿದರು.

ಆಗ ಕನ್ನಡ ವಿಭಾಗದ ಮೇಷ್ಟ್ರು ಮನೆ ಬೀಗದ ಗೊಂಚಲು ತೆಗೆದು ಮೇಜಿನ ಮೇಲಿಟ್ಟರು. ಅದರಲ್ಲೊಂದು ಪೆನ್ ಡ್ರೈವ್. ಸರ್ವರ್ ಬಂದ ದಿನದಿಂದಲೂ ಪ್ರತಿ ಶನಿವಾರ ತಮ್ಮ ವಿಭಾಗದ್ದನ್ನೆಲ್ಲ ಇದಕ್ಕೆ ತುಂಬಿಕೊಂಡು ಮನೆಗೆ ಒಯ್ಯುತ್ತಿದ್ದಾರಂತೆ. ‘ಸರ್ವರ್ ಇರಲಿ, ಬೇಡ ಅನ್ನಲ್ಲ. ಆದ್ರೆ ನಂಬೋದು ಹೇಗೆ?’

‘ಕಟ್ಟಡದ ಹೊರಗೆ ಪ್ರತಿ ಇಡುವ ವ್ಯವಸ್ಥೆ ಇದೆ ಅಂತ ನಡಾವಳಿಯಲ್ಲಿ ಬರ್ಕೊಳ್ಳಿ’ ಎಂದರು ಕಾರ್ಯದರ್ಶಿಗಳು.

ಪೆನ್ ಡ್ರೈವ್ ಹಳೆಯದು, ಕಾಲೇಜಿನಿಂದ ಹೊಸದೊಂದು ಕೊಡಿಸಿದರೆ ಉಳಿದ ವಿಭಾಗಗಳದ್ದನ್ನೂ ಒಯ್ಯುತ್ತೇನೆ ಎಂದರು ಮೇಷ್ಟ್ರು. ಸಭೆ ಒಪ್ಪಿತು. ಮೂರು ಕೊಟೇಶನ್ ತರಲು ನನಗೆ ಹೇಳಿದ್ದಾರೆ.