ಸನ್ಮಾನ್ಯ ಸರ್ವರ್ ಅವರಿಗೆ ಹೋಬಳಿಯ ಮಾನಪತ್ರ

ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ, ವೇದಿಕೆಯ ಮೇಲೆ ಜಾಗ ಸಿಗದೆ ಮುನಿಸಿಕೊಂಡು ಕೆಳಗೆ ಕೂತಿರುವ ಗಣ್ಯರೇ, ಬೆಳಗ್ಗೆಯಿಂದ ನಾಡಕಚೇರಿಯ ಜಗಲಿಯಲ್ಲಿ ಟೋಕನ್ ಹಿಡಿದು ಕೂತಿದ್ದು, ಹೇಗೂ ಕೂತೇ ಇದ್ದೀರಲ್ಲ ಎಂದು ನಮ್ಮ ಸಮಿತಿಯವರು ಈ ಶಾಮಿಯಾನದೊಳಕ್ಕೆ ಕರೆತಂದಿರುವ ಮಹಾಜನರೇ, ಮತ್ತು ಈ ನಾಡಿನ ವಿದ್ಯೆ, ವ್ಯಾಪಾರ, ವೈದ್ಯ ಮೂರಕ್ಕೂ ಆಧಾರಸ್ತಂಭರಾದ ಇಂದಿನ ಸನ್ಮಾನಿತರು, ಸನ್ಮಾನ್ಯ ಶ್ರೀ ಸರ್ವರ್ ಅವರೇ,

ಮೊದಲಿಗೆ ಒಂದು ಸ್ಪಷ್ಟನೆ. ಸನ್ಮಾನಿತರು ಖುದ್ದಾಗಿ ಬಂದಿಲ್ಲ. ಅವರು ಎಲ್ಲಿಗೂ ಖುದ್ದಾಗಿ ಹೋಗುವವರಲ್ಲ. ಆಧಾರ್ ಕಾರ್ಡಿನ ಜೆರಾಕ್ಸ್ ಹಿಡಿದು ನಾವೇ ಹೋಗಬೇಕು. ಅವರ ಪರವಾಗಿ ನಮ್ಮ ನಾಡಕಚೇರಿಯ ಕಂಪ್ಯೂಟರನ್ನು ಆಪರೇಟರ್ ಹುಡುಗನ ಸಮೇತ ವೇದಿಕೆಗೆ ತಂದಿದ್ದೇವೆ. ಮೈಸೂರು ಪೇಟ ಮಾನಿಟರಿನ ತಲೆಗೆ ಹೊಂದಲಿಲ್ಲ, ಯುಪಿಎಸ್‌ಗೆ ತೊಡಿಸಿದ್ದೇವೆ. ಶಾಲು, ಗಂಧದ ಹಾರ, ಫಲತಾಂಬೂಲ ಎಲ್ಲವೂ ಸಿದ್ಧ. ಮೈಕಿನವರು ದಯವಿಟ್ಟು ಕುಂಯ್ಯೆನ್ನುವ ಸದ್ದನ್ನು ಕಡಿಮೆ ಮಾಡಬೇಕು. ಅದು ಮೈಕಲ್ಲವೇ? ಯುಪಿಎಸ್ಸೇ? ಹಾಗಾದರೆ ಬೇಗ ಮುಗಿಸುತ್ತೇನೆ.

ಮಾನ್ಯರೇ, ಪದ್ಧತಿಯಂತೆ ಮೊದಲು ತಮ್ಮ ವಂಶದ ಹಿರಿಮೆ. ತಮ್ಮ ಹಿರಿಯರಲ್ಲೊಬ್ಬರಾದ ಆ್ಯಪಲ್ ಎಂಬ ಉಪಗ್ರಹ 1981ರಲ್ಲಿ ಎತ್ತಿನ ಗಾಡಿಯ ಮೇಲೆ ಕೂತು ಫೋಟೊ ತೆಗೆಸಿಕೊಂಡಿತ್ತು. ಬಡತನಕ್ಕೆ ಕೂತದ್ದಲ್ಲ. ಆಂಟೆನಾ ಪರೀಕ್ಷೆಗೆ ಅಕ್ಕಪಕ್ಕ ಲೋಹ ಇರಬಾರದಿತ್ತು, ಮರದ ಗಾಡಿಯೇ ಸರಿಹೋಯಿತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಎಂಬ ಅಮೆರಿಕದ ಕಂಪನಿ ಬೆಂಗಳೂರಿಗೆ ಬಂದು ಉಪಗ್ರಹದ ಮೂಲಕ ನೇರವಾಗಿ ಕಡಲಾಚೆ ಮಾತಾಡಿತು. ಆ ಕಾಲದಲ್ಲಿ ನಮ್ಮೂರಿನಿಂದ ಜಿಲ್ಲಾ ಕೇಂದ್ರಕ್ಕೆ ಟ್ರಂಕ್ ಕಾಲ್ ಬುಕ್ ಮಾಡಿದವರು ಉತ್ತರ ಬರುವ ಹೊತ್ತಿಗೆ ಬಸ್ಸಿನಲ್ಲೇ ಹೋಗಿ ಬಂದಿರುತ್ತಿದ್ದರು. 1997ರಲ್ಲಿ, ದೇಶದಲ್ಲೇ ಮೊದಲನೆಯದಾಗಿ, ಕರ್ನಾಟಕ ಮಾಹಿತಿ ತಂತ್ರಜ್ಞಾನ ನೀತಿಯನ್ನು ಪ್ರಕಟಿಸಿತು. ನೀತಿ ಬಂದಮೇಲೆ ತಾವೂ ಬಂದಿರಿ.

ತಾವು ನಮ್ಮ ಹೋಬಳಿಗೆ ಬಂದದ್ದು ಪಹಣಿಯ ರೂಪದಲ್ಲಿ. ಇಲ್ಲಿ ನಾನು ವ್ಯಂಗ್ಯವನ್ನು ಸ್ವಲ್ಪ ಪಕ್ಕಕ್ಕಿಟ್ಟು ಮಾತಾಡುತ್ತೇನೆ, ಹಿಂದಿನ ಸಾಲಿನ ಹುಡುಗರು ಕೇಳಿಸಿಕೊಳ್ಳಬೇಕು. ನಿಮಗೆ ಆ ಕಾಲ ಗೊತ್ತಿಲ್ಲ. ಆಗ ಊರಿನ ಅಷ್ಟೂ ಜಮೀನು ಗ್ರಾಮ ಲೆಕ್ಕಿಗರ ಕೈಚೀಲದಲ್ಲಿತ್ತು. ಬೆಳೆಸಾಲಕ್ಕೆ ಪಹಣಿ ಬೇಕೆಂದು ಹೋದರೆ ಲೆಕ್ಕಿಗರು ತಾಲ್ಲೂಕಿಗೆ ಹೋಗಿದ್ದಾರೆ, ತಾಲ್ಲೂಕಿಗೆ ಹೋದರೆ ಹಳ್ಳಿಗೆ ಹೋಗಿದ್ದಾರೆ. ಕೊನೆಗೆ ಸಂತೆಯ ಹೋಟೆಲಿನಲ್ಲಿ ಸಿಕ್ಕರೆ, ತಿಂಡಿ ಮುಗಿಯುವ ತನಕ ನಿಂತು, ಬಿಲ್ಲು ಕೊಟ್ಟು, ಆಮೇಲೆ ವಿಷಯ ತೆಗೆಯಬೇಕು. ಒಂದು ಹೆಸರು ಅಳಿಸಿ ಇನ್ನೊಂದು ಹೆಸರು ಬರೆಯಲು ಅವರಿಗೆ ಬೇಕಾದದ್ದು ಒಂದು ಬ್ಲೇಡು ಮತ್ತು ಅದೇ ಬಣ್ಣದ ಮಸಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಕಂದಾಯ ಇಲಾಖೆಯಲ್ಲೇ ಹುಟ್ಟಿರಬೇಕು ಎಂಬುದು ನನ್ನ ಅನುಮಾನ.

ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆ ಬಂತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಕೈಬರಹದ ಪಹಣಿ ಇನ್ನು ನಡೆಯದು ಎಂದು ಸರ್ಕಾರ ಘೋಷಿಸಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು, ಯಾರ ತಿಂಡಿಯ ಬಿಲ್ಲನ್ನೂ ಕೊಡಬೇಕಿರಲಿಲ್ಲ. ಇನ್ನೂ ಎರಡು ಚೆಂದದ ಕೆಲಸ ಆಗ ತಾವು ಮಾಡಿದಿರಿ. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿ ಆಗಬೇಕೆಂದು ಪಟ್ಟು ಹಿಡಿದಿರಿ. ಗೌಡರ ಅರ್ಜಿ ಬೋರನ ಅರ್ಜಿಯನ್ನು ಹಾರಿ ಮುಂದೆ ಹೋಗುವಂತಿರಲಿಲ್ಲ. ಮತ್ತು ಕಡತಕ್ಕೆ ಕೈ ಹಾಕುವ ಮೊದಲು ಅಧಿಕಾರಿಯ ಹೆಬ್ಬೆಟ್ಟು ಒತ್ತಿಸಿಕೊಂಡಿರಿ, ‘ಅದು ನಾನು ಮಾಡಿದ್ದಲ್ಲ’ ಎಂದು ನಾಳೆ ಅವರು ಹೇಳದಂತೆ. ತಲೆತಲಾಂತರದಿಂದ ಪ್ರಜೆಯ ಹೆಬ್ಬೆಟ್ಟನ್ನೇ ಕಂಡಿದ್ದ ಸರ್ಕಾರಿ ಕಚೇರಿಯಲ್ಲಿ ಮೊದಲ ಸಲ ಸರ್ಕಾರವೇ ಹೆಬ್ಬೆಟ್ಟು ಒತ್ತಿತು. ಆ ಒಂದು ಕೆಲಸಕ್ಕೇ ಈ ಶಾಲು ಸಲ್ಲಬೇಕು. ಚಪ್ಪಾಳೆ ತಟ್ಟಬಹುದು.

ಹಳೆಯ ಪುಸ್ತಕದ ತಪ್ಪುಗಳನ್ನೂ ತಾವು ಅಷ್ಟೇ ಶ್ರದ್ಧೆಯಿಂದ ಒಳಗೆ ಸೇರಿಸಿಕೊಂಡಿರಿ ಎಂಬುದು ಬೇರೆ ಮಾತು. ಕೈಬರಹದ ತಪ್ಪಿಗೆ ಮುದ್ರಣದ ಗಾಂಭೀರ್ಯ ಬಂತು. ತಿಮ್ಮಕ್ಕ ತಿಮ್ಮಪ್ಪನಾದರೆ, ಇನ್ನು ತಾನು ತಿಮ್ಮಕ್ಕ ಎಂದು ಸಾಬೀತು ಮಾಡುವ ಹೊಣೆ ತಿಮ್ಮಪ್ಪನದು.

ಈಗ ವ್ಯಾಪಾರಕ್ಕೆ ಬರೋಣ. ಎಪಿಎಂಸಿ ಪ್ರಾಂಗಣದಲ್ಲಿ ವರ್ತಕರು ಚೀಟಿಯಲ್ಲಿ ದರ ಬರೆದು ಹಾಕುತ್ತಿದ್ದ ಕಾಲವಿತ್ತು. ಆ ಚೀಟಿಗಳಿಗೆ ಪರಸ್ಪರ ಒಳ್ಳೆಯ ಪರಿಚಯವಿರುತ್ತಿತ್ತು. 2014ರಿಂದ ರಾಜ್ಯದಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಬಂದು, ವರ್ತಕರು ಕಂಪ್ಯೂಟರಿನಲ್ಲಿ ದರ ನಮೂದಿಸಬೇಕಾಯಿತು, ರೈತನಿಗೆ ದರ ಮೊಬೈಲಿಗೇ ಬಂತು. ದೊಡ್ಡ ಉಪಕಾರ. ಆದರೆ ದರವನ್ನು ತೋರಿಸುವುದು ತಮ್ಮ ಕೆಲಸ, ಏರಿಸುವುದಲ್ಲ ಎಂಬ ವ್ಯತ್ಯಾಸವನ್ನು ಭಾಷಣಗಳಲ್ಲಿ ಯಾರೂ ಹೇಳಿರಲಿಲ್ಲ. 2024ರ ಮಾರ್ಚ್‌ನಲ್ಲಿ ಬ್ಯಾಡಗಿಯಲ್ಲಿ ಮೆಣಸಿನಕಾಯಿ ದರ ಏಕಾಏಕಿ ಕುಸಿದಾಗ, ಸಿಟ್ಟಿಗೆದ್ದವರು ಎಪಿಎಂಸಿ ಕಚೇರಿಗೇ ನುಗ್ಗಿ ವಾಹನಗಳಿಗೆ ಬೆಂಕಿ ಇಟ್ಟರು. ಬೆಂಕಿ ಇಟ್ಟದ್ದು ಸರಿಯಲ್ಲ. ಆದರೆ ಇ-ಟೆಂಡರ್ ಇದ್ದಮೇಲೆ ದರ ಬೀಳುವುದಿಲ್ಲ ಎಂದು ನಂಬಿಸಿದ್ದೂ ಸರಿಯಲ್ಲ.

ವಿದ್ಯೆಗೆ ತಾವು ಸಲ್ಲಿಸಿದ ಸೇವೆ ಆಕಾಶದಿಂದಲೇ ಶುರುವಾಯಿತು. 2004ರಲ್ಲಿ ಎಜುಸ್ಯಾಟ್ ಎಂಬ ಉಪಗ್ರಹ ಮೇಲೆ ಹೋಯಿತು. ಅದರ ಪಾಠ ಮೊದಮೊದಲು ತಲುಪಿದ್ದು ಯಾವುದೋ ಶ್ರೀಮಂತ ನಗರಕ್ಕಲ್ಲ, ನಮ್ಮ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ, ಮತ್ತು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳಿಗೆ. ಬೀದರಿನ ಹುಡುಗಿಯೊಬ್ಬಳು ಇಂದು ಮನೆಯಲ್ಲೇ ಕೂತು ಸಿಇಟಿ ಆಯ್ಕೆಗಳನ್ನು ತುಂಬಿಸುತ್ತಾಳೆ. ಒಂದು ಕಾಲದಲ್ಲಿ ಅವಳ ಅಪ್ಪ ಸೀಟಿನ ಕೌನ್ಸೆಲಿಂಗಿಗೆಂದು ರಾತ್ರಿ ಬಸ್ಸು ಹತ್ತಿ ಬೆಂಗಳೂರಿನ ಬೀದಿಯಲ್ಲಿ ಬ್ಯಾಗು ಹೊತ್ತು ನಿಲ್ಲಬೇಕಿತ್ತು. ಇದನ್ನು ಮರೆಯುವಂತಿಲ್ಲ.

2021ರ ಜೂನ್ ತಿಂಗಳಲ್ಲಿ ಬಂದ ಒಂದು ಚಿತ್ರವನ್ನೂ ಮರೆಯುವಂತಿಲ್ಲ. ಸುಳ್ಯ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಹುಡುಗಿ ರಸ್ತೆ ಬದಿಯಲ್ಲಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದಾಳೆ, ಸುರಿಯುವ ಮಳೆಯಲ್ಲಿ ಅವಳ ಅಪ್ಪ ಕೊಡೆ ಹಿಡಿದು ನಿಂತಿದ್ದಾರೆ. ಊರಿನಲ್ಲಿ ನೆಟ್‌ವರ್ಕ್ ಸಿಗುತ್ತಿದ್ದದ್ದು ಅಲ್ಲಿ ಮಾತ್ರ. ರಾಜ್ಯದ ಮಾಹಿತಿ ತಂತ್ರಜ್ಞಾನ ಮೂಲಸೌಕರ್ಯದ ಪಟ್ಟಿಗೆ ಆ ಕೊಡೆಯನ್ನೂ, ಹಿಡಿದ ಕೈಯನ್ನೂ ಸೇರಿಸಬೇಕೆಂದು ಈ ಸಭೆ ಒತ್ತಾಯಿಸುತ್ತದೆ.

ನಮ್ಮ ಮೇಷ್ಟ್ರುಗಳ ವಿಷಯ ಹೇಳಿದರೆ ಸಂಜೆಯಾಗುತ್ತದೆ. ಮಕ್ಕಳ ಹಾಜರಿ, ಬಿಸಿಯೂಟ, ಮೊಟ್ಟೆ, ಹಾಲು, ಶೂ, ಸಾಕ್ಸು, ಎಲ್ಲಕ್ಕೂ ಒಂದೊಂದು ಕಾಲಂ. ಮೊಟ್ಟೆ ತಿಂದ ಮಗುವಿನ ಸಂಖ್ಯೆ ಮಗು ಅದನ್ನು ಅರಗಿಸಿಕೊಳ್ಳುವ ಮೊದಲೇ ಮೇಲಕ್ಕೆ ಹೋಗಬೇಕು. ಮಗು ಏನು ಕಲಿಯಿತು ಎಂಬುದಕ್ಕೂ ಒಂದು ಕಾಲಂ ಇದೆ. ಕಲಿಸುವುದಕ್ಕೆ ಪೀರಿಯಡ್ಡು ಉಳಿದಿದ್ದರೆ ಅದನ್ನೂ ತುಂಬಬಹುದು.

ವೈದ್ಯಕ್ಕೆ ಬಂದೆ. ಇಸ್ರೋದ ಉಪಗ್ರಹ ಸಂಪರ್ಕದಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿದ್ದು ಇಪ್ಪತ್ತು ವರ್ಷಕ್ಕೂ ಹಿಂದೆ. ಕಾಡಂಚಿನ ಊರಿನವನ ಎದೆಬಡಿತದ ಗೆರೆಯನ್ನು ಬೆಂಗಳೂರಿನ ಹೃದಯತಜ್ಞರು ಕೂತಲ್ಲೇ ನೋಡಿದರು. ಹೀಗೆ ಬದುಕಿದ ಜೀವಗಳ ಮುಂದೆ ನನ್ನ ಈ ಅಣಕದ ಮಾತುಗಳಿಗೆ ಕಾಸಿನ ಬೆಲೆಯಿಲ್ಲ, ಒಪ್ಪಿಕೊಂಡೆ.

ಆದರೆ ಆ ಮೂಲೆಯಲ್ಲಿ ಗುಲಾಬಿ ಸೀರೆಯುಟ್ಟು ನಿಂತಿರುವ ನಮ್ಮ ಆಶಾ ಅಕ್ಕನನ್ನು ಒಂದು ಮಾತು ಕೇಳಿ. ರಾತ್ರಿ ಹೆರಿಗೆಗೆ ಬಸುರಿಯನ್ನು ಕರೆದುಕೊಂಡು ಹೋಗಿರುತ್ತಾಳೆ. ತಾಯಿ ಸುಖವಾಗಿರುತ್ತಾಳೆ, ಮಗು ಅಳುತ್ತಿರುತ್ತದೆ, ಸಿಹಿಯೂ ಹಂಚಿರುತ್ತಾರೆ. ಆದರೆ ತಾಯಿ-ಮಕ್ಕಳ ಆರೋಗ್ಯದ ಲೆಕ್ಕವಿಡುವ ಆರ್‌ಸಿಎಚ್ ಪೋರ್ಟಲಿನಲ್ಲಿ ಬೇರೆ ಯಾರೋ ಅದನ್ನು ಸರಿಯಾಗಿ ನಮೂದಿಸದಿದ್ದರೆ, ಅವಳ ಪ್ರೋತ್ಸಾಹಧನದ ಮಟ್ಟಿಗೆ ಆ ಮಗು ಇನ್ನೂ ಹುಟ್ಟಿಲ್ಲ. ಪ್ರೋತ್ಸಾಹಧನವನ್ನು ಪೋರ್ಟಲಿಗೆ ಕಟ್ಟಿಹಾಕಬೇಡಿ ಎಂದು ಈ ಅಕ್ಕಂದಿರು ವರ್ಷಗಳಿಂದ ಬೀದಿಯಲ್ಲಿ ಕೂತು ಕೇಳುತ್ತಿದ್ದಾರೆ. ಹಳೆಯ ಲೆಕ್ಕಿಗರ ವಾರಸುದಾರರಾದ ಗ್ರಾಮ ಆಡಳಿತ ಅಧಿಕಾರಿಗಳೂ 2024ರ ಸೆಪ್ಟೆಂಬರ್‌ನಲ್ಲಿ ಮುಷ್ಕರ ಹೂಡಿದರು, ಹತ್ತಾರು ಆ್ಯಪ್‌ಗಳ ಕೆಲಸ ಹೇರಿದ್ದೀರಿ, ಅದಕ್ಕೆ ತಕ್ಕ ಸೌಲಭ್ಯ ಕೊಟ್ಟಿಲ್ಲ ಎಂದು. ಹೋಟೆಲಿನಲ್ಲಿ ಲೆಕ್ಕಿಗರಿಗೆ ಕಾದು ನಿಂತಿದ್ದ ನನ್ನಂಥವನಿಗೂ ಅವತ್ತು ಅವರ ಮೇಲೆ ಕನಿಕರ ಹುಟ್ಟಿತು ಎಂದರೆ, ಸರ್ವರ್ ಸಾಹೇಬರೇ, ತಮ್ಮ ಮಹಿಮೆ ಎಂಥದ್ದು! ಆಗ ಪೂಜಾರಿ ಅಡ್ಡ ಬರುತ್ತಿದ್ದ. ಈಗ ಪೂಜಾರಿ ಮಡಿಯುಟ್ಟು ಸಿದ್ಧನಾಗಿದ್ದಾನೆ, ದೇವರೇ ಬಾಗಿಲು ತೆಗೆಯುತ್ತಿಲ್ಲ.

ತಮ್ಮ ಕಷ್ಟವೂ ನಮಗೆ ಗೊತ್ತು. 2025ರ ಆರಂಭದಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶದ ಮೇಲೆ ಸೈಬರ್ ದಾಳಿ ನಡೆದು ಕಚೇರಿಗಳಲ್ಲಿ ಕೆಲಸ ನಿಂತಿತು. ನಕಲಿ ಖಾತೆಗಳಿಂದ ಒಂದೇ ಸಮನೆ ಕೋರಿಕೆ ಕಳಿಸಿ ಉಸಿರುಗಟ್ಟಿಸಿದ್ದರಂತೆ. ಪೊಲೀಸರಿಗೆ ದೂರೂ ಹೋಯಿತು. ಒಂದೇ ಕೋರಿಕೆಯನ್ನು ಮತ್ತೆ ಮತ್ತೆ ಸಲ್ಲಿಸುವುದನ್ನು ನಾವು ಅಸಲಿ ಖಾತೆಯ ಜನ ಎಷ್ಟೋ ವರ್ಷಗಳಿಂದ ಮಾಡುತ್ತಲೇ ಇದ್ದೇವೆ, ಉತ್ತರ ಬರದೆ ಇರುವುದರಿಂದ.

ಈಗ ಮುಖ್ಯ ಮಾತು. ಸರ್ವರ್ ಸಾಹೇಬರೇ, ಹರೆಯದಲ್ಲಿ ತಾವು ಅಧಿಕಾರಿಯ ಹೆಬ್ಬೆಟ್ಟು ಕೇಳಿದಿರಿ. ಈಗ ನ್ಯಾಯಬೆಲೆ ಅಂಗಡಿಯಲ್ಲಿ ನಮ್ಮದನ್ನು ಕೇಳುತ್ತೀರಿ. ಅರವತ್ತು ವರ್ಷ ಕುಡುಗೋಲು, ಗುದ್ದಲಿ ಹಿಡಿದ ಬೆರಳಿನಲ್ಲಿ ಗೆರೆ ಎಲ್ಲಿ ಉಳಿದೀತು? ‘ಅಜ್ಜೀ, ಬೆರಳು ತಗೊಳ್ತಾ ಇಲ್ಲ, ತಲೆಗೆ ಒರೆಸ್ಕೊಂಡು ಇನ್ನೊಂದ್ಸಲ ಇಡು’ ಎನ್ನುತ್ತಾನೆ ಅಂಗಡಿಯವನು. ಎಣ್ಣೆ ತಾಗಿದರೆ ಗೆರೆ ಮೂಡುತ್ತದೆಂಬ ನಂಬಿಕೆ. ಅವಳನ್ನು ಊರೆಲ್ಲ ಬಲ್ಲದು, ಅಂಗಡಿಯವನೂ ಬಲ್ಲ, ಬಲ್ಲೆನೆಂದು ಹೇಳುವ ಅಧಿಕಾರ ಮಾತ್ರ ಅವನಿಗಿಲ್ಲ. ತಾವು ಆಳುವವರ ಮೇಲೆ ಕಣ್ಣಿಟ್ಟಿದ್ದಾಗ ನಮ್ಮವರಾಗಿದ್ದಿರಿ. ಕಣ್ಣು ಈಚೆಗೆ ತಿರುಗಿದ ಮೇಲೆ ತಾವೂ ಸರ್ಕಾರವೇ ಆದಿರಿ. ಇದು ಮಾನಪತ್ರದಲ್ಲಿ ಅಚ್ಚಾಗಿಲ್ಲ, ನಾನೇ ಸೇರಿಸಿದ್ದು, ಸಮಿತಿಯವರು ಕ್ಷಮಿಸಬೇಕು.

ಕೊನೆಯದಾಗಿ, ಸಕಾಲ. 2011ರಲ್ಲಿ ಕಾಯ್ದೆಯಾಗಿ, 2012ರ ಏಪ್ರಿಲ್‌ನಿಂದ ರಾಜ್ಯದ ಎಲ್ಲೆಡೆ ಜಾರಿಯಾದ ಕಾನೂನು ಅದು. ಗೊತ್ತುಮಾಡಿದ ಅವಧಿಯೊಳಗೆ ಸೇವೆ ಕೊಡದಿದ್ದರೆ ಅರ್ಜಿದಾರನಿಗೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ, ಅದೂ ತಡಮಾಡಿದ ಅಧಿಕಾರಿಯಿಂದಲೇ. ಕೇಳಲು ಎಷ್ಟು ಹಿತ! ಆದರೆ ಆ ದಿನಗಳ ಎಣಿಕೆ ಶುರುವಾಗುವುದು ಸ್ವೀಕೃತಿ ಸಂಖ್ಯೆ ಸಿಕ್ಕ ಮೇಲೆ. ಸಂಖ್ಯೆ ಕೊಡುವವರು ತಾವು. ತಾವು ಮಲಗಿದ್ದರೆ ಅರ್ಜಿ ಒಳಗೆ ಹೋಗುವುದಿಲ್ಲ, ಸಂಖ್ಯೆ ಹುಟ್ಟುವುದಿಲ್ಲ, ತಡವೂ ಆಗುವುದಿಲ್ಲ. ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎನಿಸಿಕೊಂಡು ಕೂಲಿ ಕಳೆದುಕೊಂಡ ದಿನ ಕಾನೂನಿನ ಕ್ಯಾಲೆಂಡರಿನಲ್ಲೇ ಇಲ್ಲ. ಸೇವೆಗಳೆಲ್ಲ ಸಕಾಲಕ್ಕೆ ಸಂದಿವೆ ಎಂಬ ವರದಿ ಮಾತ್ರ ಅಚ್ಚುಕಟ್ಟಾಗಿ ಮೇಲಕ್ಕೆ ಹೋಗುತ್ತದೆ.

ಅದಕ್ಕೇ ನಮ್ಮದೊಂದು ಬೇಡಿಕೆ, ಹೊಸ ಆ್ಯಪ್ ಅಲ್ಲ, ಗಾಬರಿಯಾಗಬೇಡಿ. ಸರ್ವರ್ ಇಲ್ಲದ ದಿನ ಅರ್ಜಿಯನ್ನು ಕಾಗದದಲ್ಲೇ ತೆಗೆದುಕೊಳ್ಳಿ. ಮೊಹರು ಹಾಕಿ, ತಾರೀಕು ಬರೆದು, ಒಂದು ಚೀಟಿ ಕೊಡಿ. ಸಕಾಲದ ದಿನವನ್ನು ಆ ಚೀಟಿಯ ತಾರೀಕಿನಿಂದ ಎಣಿಸಿ. ಸರ್ವರ್ ಸಾಹೇಬರು ಎದ್ದಾಗ ಆಪರೇಟರ್ ಹುಡುಗ ಅದನ್ನು ಒಳಗೆ ಸೇರಿಸಿಕೊಳ್ಳಲಿ. ಅವನ ಸಂಬಳವನ್ನೂ ತಿಂಗಳಿಗೆ ಸರಿಯಾಗಿ ಕೊಡಿ.

ಈ ಬೇಡಿಕೆಯ ಅರ್ಜಿ ಬಲಗಡೆಯ ಮೇಜಿನ ಮೇಲಿದೆ. ಸಹಿ ಬಾರದವರು ಹೆಬ್ಬೆಟ್ಟು ಒತ್ತಿ, ಶಾಯಿಯ ಪ್ಯಾಡ್ ಇಟ್ಟಿದ್ದೇವೆ, ಗೆರೆ ಮೂಡದಿದ್ದರೂ ನಡೆಯುತ್ತದೆ. ತಹಶೀಲ್ದಾರ್ ಸಾಹೇಬರು ಇನ್ನೂ ವೇದಿಕೆಯ ಮೇಲೇ ಇದ್ದಾರೆ. ಅವರು ಊಟಕ್ಕೆ ಏಳುವ ಮೊದಲು ಎಲ್ಲರೂ ಬಂದು ಸಹಿ ಹಾಕಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.