ಪಂಚ ಕಾಕಾ

ಪೊಲೀಸ್ ಜೀಪು ಓಣಿಯೊಳಗೆ ತಿರುಗಿತೆಂದರೆ ನಾಗಪುರದ ಗಂಡಸರಿಗೆಲ್ಲ ಒಮ್ಮೆಲೇ ಕೆಲಸ ನೆನಪಾಗುತ್ತದೆ. ತರ್ರಿ ಪೋಹೆಯ ಗಾಡಿಯ ಮುಂದೆ ನಿಂತು ವಿದರ್ಭ ರಾಜ್ಯದ ಪ್ರಶ್ನೆ ಬಗೆಹರಿಸುತ್ತಿದ್ದವನು ತಟ್ಟೆ ಅರ್ಧಕ್ಕೇ ಇಟ್ಟು ಸ್ಕೂಟರ್ ಒದೆಯುತ್ತಾನೆ. ತಂಬಾಕಿನ ಖರ್ರಾ ತಿಕ್ಕುತ್ತಿದ್ದ ಪಾನ್ ಠೇಲೆಯವನು ಬೆನ್ನು ತಿರುಗಿಸಿ ಗಲ್ಲಾ ಎಣಿಸತೊಡಗುತ್ತಾನೆ. ಕೂಲರಿಗೆ ನೀರು ಬಿಡುತ್ತಿದ್ದವನಂತೂ ಪೈಪು ಅಲ್ಲೇ ಬಿಟ್ಟು ಒಳಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಾನೆ. ನೀರು ಮೆಟ್ಟಿಲಿಳಿದು ರಸ್ತೆಗೆ ಬಂದರೂ ಅವನು ಬರುವುದಿಲ್ಲ. ಇವರಿಗೆ ಪೊಲೀಸರ ಭಯವಿಲ್ಲ. ಪೊಲೀಸರು ಕೇಳಲಿರುವ ಒಂದೇ ಒಂದು ಮಾತಿನ ಭಯ: 'ಭಾವು, ಪಂಚ ಅಂತ ಒಂದು ಸಹಿ ಹಾಕಿ ಹೋಗ್ತೀರಾ?'

ಆ ಹೊತ್ತಿಗೆ ಒಂದು ಗೇಟು ಮಾತ್ರ ಕಿರ್ರೆಂದು ತೆರೆದುಕೊಳ್ಳುತ್ತದೆ. ಇಸ್ತ್ರಿಯ ಅಂಗಿ, ಎದೆಜೇಬಿನಲ್ಲಿ ಎರಡು ಪೆನ್ನು, ಕೊರಳಿಗೆ ದಾರ ಕಟ್ಟಿದ ಕನ್ನಡಕ. ಪಂಚ ಕಾಕಾ ಹೊರಟರು.

ಧಾರವಾಡದ ಕಡೆಯವರು. ಯಾವುದೋ ಸರ್ಕಾರಿ ಕಚೇರಿಯ ವರ್ಗಾವಣೆಯ ಮೇಲೆ ನಾಗಪುರಕ್ಕೆ ಬಂದು, ಇಲ್ಲಿಯ ಬಿಸಿಲಿಗೆ ಬೈಯುತ್ತಲೇ ಇಲ್ಲೇ ಮನೆ ಕಟ್ಟಿಸಿ, ಇಲ್ಲೇ ನಿವೃತ್ತರಾದವರು. ಹೆಸರು ಬೇರೆ ಇದೆ; ಅದು ಈಗ ಪಿಂಚಣಿ ಪುಸ್ತಕಕ್ಕೆ ಮತ್ತು ಪಂಚನಾಮೆಗಳಿಗೆ ಮಾತ್ರ. ಎರಡು ಪೆನ್ನು ಯಾಕೆ ಕಾಕಾ ಎಂದರೆ, 'ಒಂದು ನಂದು, ಒಂದು ಎರಡನೇ ಪಂಚಂದು. ಪೊಲೀಸರ ಪೆನ್ನು ನಂಬಾಕ ಬರಂಗಿಲ್ಲ. ಸಹಿ ನಮ್ಮದು ಅಂದಮ್ಯಾಲೆ ಶಾಯಿನೂ ನಮ್ಮದ ಇರಬೇಕು' ಎನ್ನುತ್ತಾರೆ.

ಕಾನೂನಿನ ಬೇಡಿಕೆ ದೊಡ್ಡದೇನಲ್ಲ. ಶೋಧ ನಡೆಯುವಾಗ ಆ ಭಾಗದ ಇಬ್ಬರು ಸ್ವತಂತ್ರ, ಗೌರವಸ್ಥ ನಿವಾಸಿಗಳು ಎದುರಿಗಿರಬೇಕು. ಅವರೇ ಪಂಚರು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 100ನೇ ಕಲಮು, ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 103. ಬರವಣಿಗೆಯಲ್ಲಿ ಕರೆದ ಮೇಲೂ ಸಕಾರಣವಿಲ್ಲದೆ ಒಲ್ಲೆ ಎಂದರೆ ಅದೇ ಒಂದು ಅಪರಾಧ. ಆದರೆ ಬರೆದು ಕರೆಯುವಷ್ಟು ಪುರಸೊತ್ತು ಪೇದೆಗಿಲ್ಲ, ಗೌರವಸ್ಥರೆಲ್ಲ ಚಿಲಕದ ಆಚೆ. ಉಳಿದವರು ಕಾಕಾ. ಅವರು ಸ್ವತಂತ್ರರು ಹೌದೋ ಅಲ್ಲವೋ ಅವರ ಹೆಂಡತಿ ಕಾಕೂ ಹೇಳಬೇಕು. ಗೌರವಸ್ಥರು ಎಂಬುದಕ್ಕೆ ಇಸ್ತ್ರಿಯೇ ಸಾಕ್ಷಿ.

ಪಂಚನ ಕೆಲಸ ನೋಡುವುದು, ನೋಡಿದ್ದನ್ನು ಪಂಚನಾಮೆಯಲ್ಲಿ ಬರೆದಿದ್ದಾರೋ ಇಲ್ಲವೋ ಓದುವುದು, ಸಹಿ ಹಾಕುವುದು. ಯೋಚಿಸುವುದು ಅದರಲ್ಲಿ ಬರುವುದಿಲ್ಲ. ಕಾಕಾರ ದುಃಖವೇ ಅದು. ಅಮೆರಿಕದಲ್ಲಿ ಟಪಾಲಿನಲ್ಲಿ ಒಂದು ಕರೆ ಬಂತೆಂದರೆ ಹಾಲು ಮಾರುವವನೂ ಜ್ಯೂರಿಯಲ್ಲಿ ಕೂತು ಅಪರಾಧಿ, ನಿರಪರಾಧಿ ಎಂದು ಹೇಳಿ ಎದ್ದು ಬರುತ್ತಾನೆ. ತನಗೆ ಮಾತ್ರ ಸಹಿ ಹಾಕುವ ಯೋಗ. ಈ ಅನ್ಯಾಯಕ್ಕೆ ಅವರು ಹಿಡಿದಿರುವ ಆರೋಪಿ ನೌಕಾಪಡೆಯ ಕಮಾಂಡರ್ ನಾನಾವತಿ. 1959ರಲ್ಲಿ ಮುಂಬಯಿಯ ಸೆಷನ್ಸ್ ಕೋರ್ಟಿನ ಒಂಬತ್ತು ಜನ ಜ್ಯೂರಿಗಳಲ್ಲಿ ಎಂಟು ಮಂದಿ ಕೊಲೆ ಆರೋಪದಲ್ಲಿ ಆತ ನಿರಪರಾಧಿ ಎಂದರು. ನ್ಯಾಯಾಧೀಶ ರತಿಲಾಲ್ ಮೆಹತಾ ಒಪ್ಪದೆ ಹೈಕೋರ್ಟಿಗೆ ಕಳಿಸಿದರು. ಅಲ್ಲಿ ಜೀವಾವಧಿ ಆಯಿತು, 1961ರಲ್ಲಿ ಸುಪ್ರೀಂ ಕೋರ್ಟೂ ಹೌದೆಂದಿತು. ನಮ್ಮಲ್ಲಿ ಜ್ಯೂರಿ ಪದ್ಧತಿ ಹೋದದ್ದು ಇದರಿಂದಲೇ ಎಂದು ಕಾಕಾರ ವಾದ: 'ಎಂಟ ಮಂದಿ ಮಾಡಿದ್ದಕ್ಕ ಇಡೀ ದೇಶಕ್ಕ ಶಿಕ್ಷಾ!' ಜ್ಯೂರಿ ಬೇಡವೆಂದು ಕಾನೂನು ಆಯೋಗ 1958ರಲ್ಲೇ, ಅಂದರೆ ನಾನಾವತಿ ರಿವಾಲ್ವರ್ ಎತ್ತುವ ಮೊದಲೇ, ಹೇಳಿಯಾಗಿತ್ತು ಎಂದು ನಾನು ಒಮ್ಮೆ ಬಾಯಿ ಹಾಕಿದೆ. ಕಾಕಾ ನನ್ನನ್ನು ಪ್ರತಿವಾದಿ ಪಕ್ಷಕ್ಕೆ ಸೇರಿಸಿದರು. 1974ರ ಏಪ್ರಿಲ್ 1ರಂದು ಜಾರಿಗೆ ಬಂದ ಸಂಹಿತೆಯಲ್ಲಿ ಜ್ಯೂರಿಗೆ ಜಾಗವೇ ಇರಲಿಲ್ಲ. ದಿನಾಂಕ ನೋಡಿದಿರಲ್ಲ ಎಂದು ಕಾಕಾ ಹುಬ್ಬು ಹಾರಿಸುತ್ತಾರೆ.

ಜ್ಯೂರಿ ಹೋಗಿ ಹನ್ನೆರಡು ವರ್ಷವಾದ ಮೇಲೆ, 1986ರಲ್ಲಿ, ಬಾಸು ಚಟರ್ಜಿ ಹನ್ನೆರಡು ಜ್ಯೂರಿಗಳನ್ನು ಒಂದು ಕೋಣೆಯಲ್ಲಿ ಕೂಡಿಹಾಕಿ 'ಏಕ್ ರುಕಾ ಹುವಾ ಫೈಸಲಾ' ಸಿನಿಮಾ ಮಾಡಿದರು. ಕಾಕಾರಿಗೆ ಅದು ಪೂರ್ತಿ ಬಾಯಿಪಾಠ. ಎಲ್ಲರೂ ಒಂದು ಕಡೆಯಾದಾಗ ತಣ್ಣಗೆ ಸಂಶಯ ಎತ್ತುವ ಕೆ.ಕೆ. ರೈನಾ ತಾನೇ ಎಂದು ಅವರ ನಂಬಿಕೆ. ಮೇಜು ಗುದ್ದಿ ಕೂಗಾಡುವ ಪಂಕಜ್ ಕಪೂರ್ ಎಂದು ಕಾಕೂ ಅಭಿಪ್ರಾಯ.

ಪಾರ್ಸಿಗಳ ಮೇಲೆ ಅವರಿಗೆ ಇನ್ನೊಂದು ಹೊಟ್ಟೆಕಿಚ್ಚು. 1877ರಲ್ಲಿ ಜಮ್‌ಶೆಟ್‌ಜಿ ಟಾಟಾ ಇಲ್ಲಿ ಎಂಪ್ರೆಸ್ ಮಿಲ್ ತೆರೆದ ಊರಿದು, ಪಾರ್ಸಿ ಮನೆಗಳೂ ಇವೆ. ಅವರ ಮದುವೆ, ವಿಚ್ಛೇದನದ ಮೊಕದ್ದಮೆಗಳಲ್ಲಿ 1936ರ ಕಾಯ್ದೆಯ ಪ್ರಕಾರ ಸಮುದಾಯದ ಪ್ರತಿನಿಧಿಗಳು ನ್ಯಾಯಾಧೀಶರ ಜತೆ ಕೂತು ಸಂಗತಿ ನಿಜವೋ ಸುಳ್ಳೋ ತೀರ್ಮಾನಿಸುತ್ತಾರೆ. ಮೊದಲು ಏಳು ಮಂದಿ, 1988ರ ತಿದ್ದುಪಡಿಯಿಂದ ಐದು. 'ನಾ ಪಾರ್ಸಿ ಆಗಿ ಹುಟ್ಟಬೇಕಿತ್ತು' ಎಂದು ಕಾಕಾ ನಿಟ್ಟುಸಿರು ಬಿಟ್ಟರೆ ಒಳಗಿನಿಂದ ಕಾಕೂ, 'ಹುಟ್ಟಿದ್ರ ಆ ಕೋರ್ಟಿಗೆ ನಾನೂ ಬರತಿದ್ದೆ. ಅರ್ಜಿ ಹಿಡಕೊಂಡು' ಎನ್ನುತ್ತಾರೆ.

ಕಾಕಾರ ಪಂಚ ಜೀವನದ ಶಿಖರವೆಂದರೆ ಇನ್ನೂ ನೌಕರಿಯಲ್ಲಿದ್ದಾಗಿನ ಒಂದು ಲಂಚದ ಬಲೆ. ಇಂಥ ಬಲೆಗೆ ಓಣಿಯವರನ್ನು ನಂಬುವುದಿಲ್ಲ. ಪತ್ರ ಬರೆದು ಬೇರೆ ಸರ್ಕಾರಿ ಕಚೇರಿಯ ನೌಕರರನ್ನು ಕರೆಸುತ್ತಾರೆ. ಕಾಕಾ ಒಂದನೇ ಪಂಚ. ತಂಡದವರು ನೋಟುಗಳ ನಂಬರು ಬರೆದುಕೊಂಡು, ಅವಕ್ಕೆ ಫಿನಾಲ್ಫ್ಥಲೀನ್ ಪುಡಿ ಸವರಿ, ಆ ಪುಡಿ ತಾಗಿದ ಬೆರಳನ್ನು ಸೋಡಿಯಂ ಕಾರ್ಬೊನೇಟಿನ ನೀರಿಗೆ ಅದ್ದಿದರೆ ನೀರು ಹೇಗೆ ಗುಲಾಬಿಯಾಗುತ್ತದೆಂದು ಮಾಡಿ ತೋರಿಸಿದರು. ಕಾಕಾ ದೂರುದಾರನ ಸೋದರಮಾವ ಎಂದು ಜತೆಗೆ ಹೋಗಿ, ಪಕ್ಕದಲ್ಲಿ ನಿಂತು, ನೋಡಿ, ಕೇಳಿಸಿಕೊಂಡು ಬರಬೇಕು. ಬಾಯಿ ತೆರೆಯಕೂಡದು.

ಗುಮಾಸ್ತ ಮೊತ್ತ ಹೇಳಿದ. ದೂರುದಾರ ನೋಟು ಕೊಟ್ಟ. ಅಲ್ಲಿಗೆ ಎಲ್ಲ ಮುಗಿಯಬೇಕಿತ್ತು. ಆದರೆ ಸೀತಾಬರ್ಡಿಯ ಪೇಟೆಯಲ್ಲಿ ಒಂದು ಬನಿಯನ್ನನ್ನೂ ಹೇಳಿದ ಬೆಲೆಗೆ ಕೊಳ್ಳದ ಜೀವ ಕಾಕಾರದು. ಒಳಗಿನ ಸಂಸ್ಕಾರ ಪುಟಿದು ಬಂತು. 'ಇಷ್ಟ್ಯಾಕ ಸಾಹೇಬರ? ಬಡವ ಇದಾನ. ಸ್ವಲ್ಪ ಕಮ್ಮಿ ಮಾಡಕೋರಿ' ಎಂದು ಇದನ್ನೇ ಮರಾಠಿಯಲ್ಲಿ ಅಂದುಬಿಟ್ಟರು. ಗುಮಾಸ್ತ ಒಳ್ಳೆಯವನು. ಎರಡು ನೋಟು ಎಣಿಸಿ ಮಾವನ ಕೈಗೇ ವಾಪಸು ಕೊಟ್ಟ. ಅಷ್ಟರಲ್ಲಿ ತಂಡ ಒಳನುಗ್ಗಿತು. ಗುಮಾಸ್ತನ ಬೆರಳು ತೊಳೆದರು: ಗುಲಾಬಿ. ದೂರುದಾರನದು ಗುಲಾಬಿ. ನಂಬರು ಬರೆದಿಟ್ಟ ಎರಡು ನೋಟು ಕಡಿಮೆ ಬಿದ್ದು, ಹುಡುಕಿ, ಸ್ವತಂತ್ರ ಸಾಕ್ಷಿಯ ಬೆರಳು ತೊಳೆದರೆ ಎಲ್ಲರಿಗಿಂತ ಚೆಂದದ ಗುಲಾಬಿ. ಪಂಚನಾಮೆ ಬರೆಯುತ್ತಿದ್ದವನು ಪೆನ್ನು ಕೆಳಗಿಟ್ಟು ಗೋಡೆ ನೋಡಿದನಂತೆ. ಆ ನೀರು ತುಂಬಿದ ಬಾಟಲಿಗೂ ಅರಗಿನ ಮುದ್ರೆ ಹಾಕಿ ಚೀಟಿ ಅಂಟಿಸಿದರು, ಚೀಟಿಯ ಮೇಲೆ ಪಂಚರ ಸಹಿ ಬೇಕಲ್ಲ, ಕಾಕಾರೇ ಹಾಕಿದರು.

ಮೊಕದ್ದಮೆ ವಿಚಾರಣೆಗೆ ಬರುವಷ್ಟರಲ್ಲಿ ಕಾಕಾ ನಿವೃತ್ತರಾಗಿದ್ದರು. ಸಮನ್ಸ್ ತಂದ ಪೇದೆಗೆ ಸಂತ್ರಾ ಬರ್ಫಿ ಕೊಟ್ಟರು. ಸಿವಿಲ್ ಲೈನ್ಸಿನ ಜಿಲ್ಲಾ ನ್ಯಾಯಾಲಯಕ್ಕೆ ಏಪ್ರಿಲಿನ ಬಿಸಿಲಲ್ಲಿ ತಲೆಗೆ ದುಪಟ್ಟಾ ಸುತ್ತಿಕೊಂಡು ಹೋದರು, ತಾರೀಖು ಬಿತ್ತು. ಮತ್ತೆ ಹೋದರು, ವಕೀಲರಿಗೆ ಜ್ವರ. ಮತ್ತೆ ಹೋದರು. ಕಾಯುವ ಬೆಂಚಿನ ಇನ್ನೊಂದು ತುದಿಯಲ್ಲಿ ಆ ಗುಮಾಸ್ತ, ಕೂದಲೆಲ್ಲ ಬೆಳ್ಳಗೆ. 'ಮೊಣಕಾಲು ಹೇಗಿದೆ ಮಾಮಾ?' ಎಂದು ಕೇಳಿದನಂತೆ. ಜ್ಯೂರಿ ಆರೋಪಿಯ ಜತೆ ಮಾತಾಡಬಾರದೆಂದು ಕಾಕಾ ಮುಖ ತಿರುಗಿಸಿದರು. ಮಧ್ಯಾಹ್ನ ಅವನೇ ತಂದುಕೊಟ್ಟ ಚಹಾ ಮಾತ್ರ ಕುಡಿದರು, ಮಾತಾಡದೆ.

ಕೊನೆಗೂ ಪಟ್ಟೇವಾಲಾ ಹೆಸರು ಕೂಗಿದ. ಸರ್ಕಾರಿ ವಕೀಲರು ಚೀಟಿ ತೋರಿಸಿ 'ಸಹಿ ನಿಮ್ಮದೇ?' ಎಂದರು. ಶಾಯಿಯೂ ನನ್ನದೇ ಎಂದರು ಕಾಕಾ. ಪಾಟೀಸವಾಲಿಗೆ ಎದ್ದ ಪ್ರತಿವಾದಿ ವಕೀಲರು ಮೊದಲ ಏಟಿಗೇ, 'ನಿಮ್ಮ ಕೈಯೂ ಗುಲಾಬಿಯಾಗಿತ್ತು ಎಂಬುದು ಖರೆಯೇ?' ಕಾಕಾ ಎಷ್ಟೋ ವರ್ಷಗಳಿಂದ ಕಾದಿದ್ದ ಗಳಿಗೆ ಅದು. ಗಂಟಲು ಸರಿಮಾಡಿಕೊಂಡು ನ್ಯಾಯಾಧೀಶರ ಕಡೆ ತಿರುಗಿದರು: 'ಸಾಹೇಬ್, ಎರಡೂ ಕಡೆಯದನ್ನು ತೂಗಿ ನೋಡಿದೆ. ಈತ ತಗೊಂಡದ್ದು ಖರೆ. ಆದರೆ ಕೇಳಿದ ತಕ್ಷಣ ರಿಯಾಯಿತಿ ಕೊಟ್ಟ. ಶಿಕ್ಷೆಯಲ್ಲೂ ಅಷ್ಟೇ ಪ್ರಮಾಣದ ರಿಯಾಯಿತಿ...' 'ನೋಡಿದ್ದಷ್ಟೇ ಹೇಳಿ' ಎಂದರು ನ್ಯಾಯಾಧೀಶರು. ಬೆರಳಚ್ಚಿನವಳ ಕೈ ಆಗಲೇ ನಿಂತಿತ್ತು. 'ಬರಕೊಳ್ಳಮ್ಮಾ' ಎಂದು ಕಾಕಾ ಕಟಕಟೆಯಿಂದ ಬಗ್ಗಿ ನೋಡಿದರು. ಅವಳು ಬರೆದುಕೊಳ್ಳಲಿಲ್ಲ.

ಹಾಗಾಗಿ ಕಾಕಾ ಮನೆಯಲ್ಲಿ ತಾವೇ ಒಂದು ರಿಜಿಸ್ಟರ್ ಇಟ್ಟಿದ್ದಾರೆ. ತಾವು ಪಂಚರಾದ ಪ್ರತಿ ಮೊಕದ್ದಮೆಗೂ ಒಂದು ಸಾಲು, ಕೊನೆಗೆ ಎರಡು ಕಾಲಂ: 'ಕೋರ್ಟು', 'ನಾನು'. 'ನಾನು' ಕಾಲಂ ಪೂರ್ತಿ ತುಂಬಿದೆ, ಎರಡು ಕಡೆ ಮರುಪರಿಶೀಲನೆಯೂ ನಡೆದಿದೆ. 'ಕೋರ್ಟು' ಕಾಲಂ ಬಹುತೇಕ ಖಾಲಿ.

2024ರ ಜುಲೈ 1ರಿಂದ ಶೋಧ, ಜಪ್ತಿಯನ್ನೆಲ್ಲ ಆದಷ್ಟು ಮೊಬೈಲಿನಲ್ಲೇ ವಿಡಿಯೋ ಮಾಡಬೇಕೆಂಬ ಕಾನೂನು ಬಂತು, ಹೊಸ ಸಂಹಿತೆಯ 105ನೇ ಕಲಮು. ಇನ್ನು ಪಂಚರು ಯಾಕೆ ಬೇಕು ಎಂದು ಓಣಿಯ ಹುಡುಗರು ಕೀಟಲೆ ಮಾಡಿದಾಗ ಕಾಕಾ ಎರಡು ದಿನ ಊಟ ಬಿಟ್ಟರು. ಆಮೇಲೆ ಸಂಹಿತೆ ತರಿಸಿ, ಇಬ್ಬರು ಪಂಚರು ಹೊಸ ಕಾನೂನಿನಲ್ಲೂ ಇದ್ದೇ ಇದ್ದಾರೆಂದು ಓದಿ, ಝೆರಾಕ್ಸ್ ಮಾಡಿಸಿ ಠಾಣೆಗೂ ಒಂದು ಪ್ರತಿ ಕೊಟ್ಟು ಬಂದರು. ಅಂದಿನಿಂದ ವಾರಕ್ಕೊಮ್ಮೆ ಕ್ಷೌರ.

ಮೊನ್ನೆ ಕದ್ದ ಬೈಕೊಂದು ಓಣಿಯ ಕೊನೆಯ ಶೆಡ್ಡಿನಲ್ಲಿ ಸಿಕ್ಕಿತು. ಪೇದೆ ಮೊಬೈಲು ಹಿಡಿದು ಪಂಚರು ತಮ್ಮ ಪರಿಚಯ ಹೇಳಬೇಕು ಎಂದ. ಕಾಕಾ ಕನ್ನಡಕ ಒರೆಸಿಕೊಂಡು ಹೆಸರು ಹೇಳಿದರು, ವಿಳಾಸ ಹೇಳಿದರು, ಹುಟ್ಟೂರು, ಸೇವೆಗೆ ಸೇರಿದ ವರ್ಷ, ಈ ದೇಶದಲ್ಲಿ ಸಾಮಾನ್ಯ ಮನುಷ್ಯನಿಗೂ ನ್ಯಾಯದಾನದಲ್ಲಿ ಪಾಲಿದ್ದ ಕಾಲ. ನಾನಾವತಿ ಹೈಕೋರ್ಟಿಗೆ ಬರುವಷ್ಟರಲ್ಲಿ ಪೇದೆಯ ಮೊಬೈಲು ಚಾರ್ಜ್ ಮುಗಿದು ಆರಿಹೋಯಿತು. ಬೈಕನ್ನು ಇನ್ನೂ ತೋರಿಸಿರಲಿಲ್ಲ.